ಬಾಸ್‌ಗಳನ್ನು ಹುಡುಕಿಕೊಡುವವರು ಮೊದಲು ಏನು ಮಾಡುತ್ತಿದ್ದರು?

ಕೊಯ್ಲಿನ ಹೊತ್ತಿಗೆ ನಮ್ಮ ಚಿಕ್ಕಮಗಳೂರಿನ ತೋಟಗಳಿಗೆ ಆಳು ಕರೆತರುವವರು ಮೇಸ್ತ್ರಿಗಳು. ತಲೆಗಿಷ್ಟು ಅಂತ ಕಮಿಷನ್. ಆಳು ಬಂದರೆ ದುಡ್ಡು, ಬರದಿದ್ದರೆ ಇಲ್ಲ. ಅದೇ ತೋಟಕ್ಕೆ ಮ್ಯಾನೇಜರ್ ಬೇಕಾದಾಗ ಮಾಲೀಕರು ಮೇಸ್ತ್ರಿಯನ್ನು ಕೇಳುವುದಿಲ್ಲ. ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಇರುವ ಹಿರಿಯ ಪ್ಲಾಂಟರ್ ಒಬ್ಬರಿಗೆ ಫೋನ್ ಮಾಡಿ, “ಯಾರಾದ್ರೂ ಒಳ್ಳೆಯವರಿದ್ರೆ ಹೇಳಿ ಸಾರ್, ಈಗಿರೋರಿಗೆ ಮಾತ್ರ ಗೊತ್ತಾಗ್ಬಾರ್ದು” ಅನ್ನುತ್ತಾರೆ.

ಎಕ್ಸಿಕ್ಯೂಟಿವ್ ಸರ್ಚ್, ಅಂದರೆ ಕಂಪನಿಗಳಿಗೆ ಸಿಇಒನಂಥ ಮೇಲಿನ ಹುದ್ದೆಯವರನ್ನು ಹುಡುಕಿಕೊಡುವುದು, ಆ ಹಿರಿಯರ ಕೆಲಸ, ಮೇಸ್ತ್ರಿಯದ್ದಲ್ಲ. ಕಳೆದ ಸೆಮಿಸ್ಟರ್ ಇಂಟರ್ನಲ್ಸ್‌ನಲ್ಲಿ ಎರಡನ್ನೂ ಕಲಸಿ ಬರೆದು ನಾನು ಮಾರ್ಕ್ಸ್ ಕಳೆದುಕೊಂಡೆ. ಅದಕ್ಕೇ ಇದನ್ನು ಮೊದಲು ಹೇಳಿದೆ. ಪ್ಲೇಸ್‌ಮೆಂಟ್ ಏಜೆನ್ಸಿಗೆ ಅಭ್ಯರ್ಥಿ ಸೇರಿದ ಮೇಲೆ ಹಣ. ಸರ್ಚ್ ಸಂಸ್ಥೆಗೆ ಹುಡುಕಾಟಕ್ಕೇ ಹಣ. ರೂಢಿಯ ಲೆಕ್ಕ, ಆ ಹುದ್ದೆಯ ಮೊದಲ ವರ್ಷದ ಸಂಬಳದ ಮೂರನೇ ಒಂದು ಭಾಗ, ಸಾಮಾನ್ಯವಾಗಿ ಮೂರು ಕಂತಿನಲ್ಲಿ. ವರ್ಷಕ್ಕೆ 1.5 ಕೋಟಿಯ ಸಿಇಒ ಹುದ್ದೆಯಾದರೆ ಸುಮಾರು 50 ಲಕ್ಷ ಫೀಸು. ಜೊತೆಗೆ ಒಂದು ಕಟ್ಟುಪಾಡು: ಇವತ್ತು ಯಾವ ಕಂಪನಿಗೆ ಆಳು ಹುಡುಕಿಕೊಟ್ಟೆವೋ ಅಲ್ಲಿಂದಲೇ ಇನ್ನೊಂದಷ್ಟು ಕಾಲ ಯಾರನ್ನೂ ಎಬ್ಬಿಸಿಕೊಂಡು ಹೋಗುವಂತಿಲ್ಲ. ಇದಕ್ಕೆ ‘ಆಫ್ ಲಿಮಿಟ್ಸ್’ ಅನ್ನುತ್ತಾರೆ. ಪರೀಕ್ಷೆಗೆ ಇಷ್ಟು ಸಾಕು.

ಒಂದೇ ಮನೆಯಿಂದ ಪಾಲಾದವರು

ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು. ಈ ಸಂಸ್ಥೆಗಳನ್ನು ಕಟ್ಟಿದವರಲ್ಲಿ, ನಡೆಸಿದವರಲ್ಲಿ ‘ನೇಮಕಾತಿ’ಯಿಂದಲೇ ಬದುಕು ಶುರು ಮಾಡಿದವರು ತೀರಾ ವಿರಳ. ಬಹುತೇಕರಿಗೆ ಇದು ಎರಡನೇ ಕಸುಬು.

ಬೂಸ್ ಅಲೆನ್ ಅನ್ನೋ ಸಲಹಾ ಸಂಸ್ಥೆ 1914ರಲ್ಲಿ ಶಿಕಾಗೋದಲ್ಲಿ ಶುರುವಾದದ್ದು. ಕಂಪನಿಗಳಿಗೆ ‘ನಿಮ್ಮ ಆಡಳಿತ ಹೀಗಿರಲಿ’ ಎಂದು ಬುದ್ಧಿ ಹೇಳುವುದು ಅವರ ಕೆಲಸ. ಬುದ್ಧಿ ಕೇಳಿಸಿಕೊಂಡವರು ಸುಮ್ಮನಿರುತ್ತಾರಾ? ‘ಆ ಕುರ್ಚಿಗೆ ತಕ್ಕ ಮನುಷ್ಯನನ್ನೂ ನೀವೇ ಹುಡುಕಿಕೊಡಿ’ ಅನ್ನುತ್ತಾರೆ. ಹೀಗೆ ಸಲಹೆಯ ಬೆನ್ನಿಗೇ ಹುಡುಕಾಟವೂ ಬಂತು. ಅಲ್ಲಿ ಕೆಲಸ ಮಾಡಿದ್ದ ಸಿಡ್ನಿ ಬಾಯ್ಡನ್ 1946ರಲ್ಲಿ ಹೊರಬಂದು ಬಾಯ್ಡನ್ ಸಂಸ್ಥೆ ತೆರೆದರು. ಅಲ್ಲಿಂದಲೇ ಬಂದ ಗಾರ್ಡ್ನರ್ ಹೈಡ್ರಿಕ್, ಜಾನ್ ಸ್ಟ್ರಗಲ್ಸ್ ಜೊತೆ ಸೇರಿ 1953ರಲ್ಲಿ ಹೈಡ್ರಿಕ್ ಅಂಡ್ ಸ್ಟ್ರಗಲ್ಸ್ ಶುರು ಮಾಡಿದರು. ಆ ಮನೆಯಿಂದ ಸ್ಪೆನ್ಸರ್ ಸ್ಟುವರ್ಟ್ 1956ರಲ್ಲಿ ಹೊರಬಿದ್ದು ತಮ್ಮದೇ ಹೆಸರಿನಲ್ಲಿ ಬೋರ್ಡು ಹಾಕಿದರು. ಸ್ಪೆನ್ಸರ್ ಸ್ಟುವರ್ಟ್‌ನ ಜ್ಯೂರಿಕ್ ಕಚೇರಿ ತೆರೆದ ಎಗಾನ್ ಝೆಂಡರ್ 1964ರಲ್ಲಿ ಬೇರೆಯಾದರು. ಪಹಣಿ ಬರೆದಿಟ್ಟರೆ ಒಂದೇ ಸರ್ವೆ ನಂಬರಿನ ಹಿಸ್ಸೆಗಳ ಹಾಗೆ ಕಾಣುತ್ತದೆ. ನೆನಪಿಡುವುದಕ್ಕೂ ಹಾಗೇ ಸುಲಭ.

1969ರಲ್ಲಿ ಮಾತ್ರ ಬೇರೆ ಕಡೆಯ ನೀರು ಹರಿದು ಬಂತು. ಲಾಸ್ ಏಂಜಲೀಸ್‌ನಲ್ಲಿ ಲೆಸ್ಟರ್ ಕಾರ್ನ್ ಮತ್ತು ರಿಚರ್ಡ್ ಫೆರ್ರಿ ಕಾರ್ನ್ ಫೆರ್ರಿ ಕಟ್ಟಿದರು. ಇಬ್ಬರೂ ಪೀಟ್ ಮಾರ್ವಿಕ್ ಮಿಚೆಲ್ ಎಂಬ ಲೆಕ್ಕಪತ್ರ ಸಂಸ್ಥೆಯ ಪಾರ್ಟ್ನರ್‌ಗಳು. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ತಮ್ಮ ಹೆಸರಿನ ಸಂಸ್ಥೆ ತೆರೆದ ರಸೆಲ್ ರೆನಾಲ್ಡ್ಸ್ ಮೊದಲು ಜೆ. ಪಿ. ಮಾರ್ಗನ್ ಬ್ಯಾಂಕಿನಲ್ಲಿದ್ದವರು.

ಹಳೆ ಕಸುಬಿನ ವಾಸನೆ

ಇಷ್ಟನ್ನೇ ಬಾಯಿಪಾಠ ಮಾಡಿ ಬಿಟ್ಟರೆ ಹೆಸರುಗಳ ಪಟ್ಟಿ ಅಷ್ಟೇ. ಹಳೆಯ ಕಸುಬು ಹೊಸ ಸಂಸ್ಥೆಯ ಕಟ್ಟಳೆಯಲ್ಲಿ ಎಲ್ಲಿ ಉಳಿದುಕೊಂಡಿದೆ ಅಂತ ನೋಡಬೇಕು.

ಝೆಂಡರ್ ಅವರನ್ನೇ ತೆಗೆದುಕೊಳ್ಳಿ. ಮೊದಲು ಕಾನೂನು ಓದಿದವರು, ಆಮೇಲೆ ಹಾರ್ವರ್ಡ್‌ನಲ್ಲಿ ಎಂಬಿಎ. ಅವರ ಸಂಸ್ಥೆಯಲ್ಲಿ ಫೀಸು ಸಂಬಳದ ಶೇಕಡಾವಾರು ಅಲ್ಲ, ಮೊದಲೇ ಗೊತ್ತು ಮಾಡಿದ ಮೊತ್ತ. ಶೇಕಡಾ ಲೆಕ್ಕದಲ್ಲಿ ಏನಾಗುತ್ತದೆ ಯೋಚಿಸಿ: ಆಳು ದುಬಾರಿಯಾದಷ್ಟೂ ಹುಡುಕಿಕೊಟ್ಟವನಿಗೆ ಲಾಭ. ಹಾಗಾದರೆ ಅವನು ಯಾರ ಪರ? ಪಾರ್ಟ್ನರ್‌ಗಳ ಗಳಿಕೆಯನ್ನೂ ಅವರು ‘ಯಾರು ಎಷ್ಟು ವ್ಯವಹಾರ ತಂದರು’ ಎಂಬುದಕ್ಕೆ ಕಟ್ಟಲಿಲ್ಲ. ಲಾಭ ಹಂಚುವಾಗ ಸಂಸ್ಥೆಯಲ್ಲಿ ಕಳೆದ ವರ್ಷಗಳಿಗೆ ಬೆಲೆ. ಹೀಗಿದ್ದಾಗ ‘ಇದು ನನ್ನ ಗಿರಾಕಿ’ ಅಂತ ಮುಚ್ಚಿಟ್ಟುಕೊಳ್ಳುವ ಚಪಲ ಕಡಿಮೆ. ಒಂದು ಕಚೇರಿಯವರಿಗೆ ಗೊತ್ತಿರುವ ಹೆಸರನ್ನು ಇನ್ನೊಂದು ಕಚೇರಿಯವರಿಗೆ ಕೊಡಲು ಕೈ ಹಿಂದೆ ಸರಿಯುವುದಿಲ್ಲ. ಕಕ್ಷಿದಾರನ ಹಿತ ಮೊದಲು ಅನ್ನುವ ವಕೀಲಿಕೆಯ ಪಾಠ ಇಲ್ಲಿ ಕೆಲಸ ಮಾಡಿದೆ ಎಂದು ನಾನು ಓದಿಕೊಂಡಿದ್ದೇನೆ. ನೀವು ಒಪ್ಪದಿದ್ದರೆ ಉತ್ತರದಲ್ಲಿ ಕಾರಣ ಬರೆಯಿರಿ, ಅದಕ್ಕೂ ಅಂಕ ಸಿಗುತ್ತದೆ.

ಇದರ ಎದುರಿಗೆ ಕಾರ್ನ್ ಫೆರ್ರಿಯನ್ನು ಇಟ್ಟು ನೋಡಿ. ಲೆಕ್ಕಿಗರು ಕಟ್ಟಿದ ಮನೆ; 1999ರಲ್ಲಿ ಷೇರು ಪೇಟೆಗೆ ಬಂತು. (ಹೈಡ್ರಿಕ್ ಕೂಡ ಅದೇ ವರ್ಷ ಬಂತು, ಝೆಂಡರ್ ಸಂಸ್ಥೆ ಇವತ್ತಿಗೂ ಪಾರ್ಟ್ನರ್‌ಗಳದ್ದೇ.) ಗ್ಯಾರಿ ಬರ್ನಿಸನ್ 2002ರಲ್ಲಿ ಕಾರ್ನ್ ಫೆರ್ರಿಗೆ ಸೇರಿದ್ದು ಹಣಕಾಸು ಮುಖ್ಯಸ್ಥರಾಗಿ, ಅದಕ್ಕೂ ಮೊದಲು ಕೆಪಿಎಂಜಿ ಎಂಬ ಲೆಕ್ಕಪತ್ರ ಸಂಸ್ಥೆಯಲ್ಲಿ ಪಾರ್ಟ್ನರ್ ಆಗಿದ್ದವರು. 2007ರಲ್ಲಿ ಸಿಇಒ ಆದರು. ಅವರ ಕಾಲದಲ್ಲಿ, 2015ರಲ್ಲಿ, ಹೇ ಗ್ರೂಪ್ ಎಂಬ ಸಂಬಳ-ಹುದ್ದೆಗಳ ಸಲಹಾ ಸಂಸ್ಥೆಯನ್ನೇ ಕೊಂಡುಕೊಂಡರು. ಸರ್ಚ್ ವ್ಯವಹಾರ ಆರ್ಥಿಕತೆಯ ಏರಿಳಿತಕ್ಕೆ ಸಿಕ್ಕುವಂಥದ್ದು. ಕಂಪನಿಗಳು ಕೈ ಬಿಗಿ ಮಾಡಿದ ವರ್ಷ ಮೊದಲು ನಿಲ್ಲುವುದೇ ಹೊಸ ನೇಮಕ. ಬ್ಯಾಲೆನ್ಸ್ ಶೀಟು ಓದಿ ಬೆಳೆದವರಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಕಾಫಿಯ ಜೊತೆ ಮೆಣಸಿನ ಬಳ್ಳಿ ಹಬ್ಬಿಸಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾರತೀಯ ಹೆಸರುಗಳನ್ನೂ ಗುರುತು ಹಾಕಿಕೊಳ್ಳಿ. 2014ರಲ್ಲಿ ಎಗಾನ್ ಝೆಂಡರ್‌ನ ಸಿಇಒ ಆದವರು ರಾಜೀವ್ ವಾಸುದೇವ. 2017ರಲ್ಲಿ ಹೈಡ್ರಿಕ್‌ನ ಸಿಇಒ ಆದ ಕೃಷ್ಣನ್ ರಾಜಗೋಪಾಲನ್ 2001ರಲ್ಲಿ ಆ ಸಂಸ್ಥೆ ಸೇರುವ ಮೊದಲು ಎ. ಟಿ. ಕಿಯರ್ನಿಯಲ್ಲಿದ್ದರು. ಅಂದರೆ ಮತ್ತೆ ಸಲಹಾ ಸಂಸ್ಥೆಯ ದಾರಿಯೇ.

ಹಾಗಾದರೆ ಓದು ಮುಗಿಸಿದ ಕೂಡಲೇ ನಮ್ಮಂಥವರಿಗೆ ಅಲ್ಲಿ ಬಾಗಿಲಿಲ್ಲವೇ? ಇದೆ, ರಿಸರ್ಚ್ ಬಾಗಿಲು. ಯಾವ ಕಂಪನಿಯಲ್ಲಿ ಯಾವ ಹುದ್ದೆಯಲ್ಲಿ ಯಾರಿದ್ದಾರೆ ಎಂದು ನಕ್ಷೆ ಹಾಕುವುದು, ಉದ್ದದ ಪಟ್ಟಿ ಮಾಡುವುದು, ಅದನ್ನು ಸೋಸಿ ಚಿಕ್ಕದು ಮಾಡುವುದು. ಆದರೆ ಎದುರಿಗೆ ಕೂತ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ‘ಈ ಮನುಷ್ಯ ನಿಮಗೆ ಆಗಿಬರೋದಿಲ್ಲ’ ಎಂದು ಹೇಳುವ ಎದೆ ಬೇರೆ ಕಸುಬಿನಲ್ಲಿ ಕೈ ಸುಟ್ಟುಕೊಂಡವರಿಗೆ ಹೆಚ್ಚು. ಮೂಡಿಗೆರೆಯ ಆ ಹಿರಿಯರ ಮಾತಿಗೆ ಬೆಲೆ ಬಂದದ್ದೂ ಅವರೇ ತೋಟ ನಡೆಸಿದ್ದರಿಂದ ತಾನೇ?

ಭಾನುವಾರದ ಚರ್ಚೆಗೆ ಒಂದು ಪ್ರಶ್ನೆ ಇಟ್ಟಿದ್ದೇನೆ. 2024ರಲ್ಲಿ ಹೈಡ್ರಿಕ್‌ನ ಸಿಇಒ ಆದ ಟಾಮ್ ಮೊನಾಹನ್ ಸರ್ಚ್‌ನ ಒಳಗೆ ಬೆಳೆದವರಲ್ಲ. ಸಿಇಬಿ ಎಂಬ ಸಂಶೋಧನಾ-ಸಲಹಾ ಕಂಪನಿಯನ್ನು ನಡೆಸಿದ್ದರು, ಆಮೇಲೆ ಡಿವ್ರಾಯ್ ವಿಶ್ವವಿದ್ಯಾಲಯವನ್ನು. ಜಗತ್ತಿಗೆಲ್ಲ ಬಾಸ್ ಹುಡುಕಿಕೊಡುವವರು ತಮ್ಮ ಬಾಸ್‌ನನ್ನು ಹೊರಗಿಂದ ತಂದದ್ದು ಏಕೆ? ಮೇಲಿನ ಝೆಂಡರ್, ಕಾರ್ನ್ ಫೆರ್ರಿ ಉದಾಹರಣೆ ಇಟ್ಟುಕೊಂಡು ಒಂದೊಂದು ಪುಟ ಬರೆದು ತನ್ನಿ.