ಮಾರ್ಬಲ್ ಬೆಳ್ಳಗಿದ್ದರೆ ಶುದ್ಧ ಅಂತ ಲೆಕ್ಕವೇ?

ಪ್ರಶ್ನೆ: ರಾಜಸ್ಥಾನದಿಂದ ಮಾರ್ಬಲ್ ಚೂರು ತರಿಸಿ ಪುಡಿ ಮಾಡಿ ಕಾರ್ಖಾನೆಗಳಿಗೆ ಮಾರಬೇಕು ಅಂತಿದ್ದೇವೆ. ಕಲ್ಲು ಅಪ್ಪಟ ಬಿಳಿ. ಆಸಿಡ್ ಹಾಕಿದರೆ ಬುಸ್ ಅಂತ ನೊರೆ ಬರುತ್ತದೆ. ಅಂದಮೇಲೆ ಶುದ್ಧ ಕ್ಯಾಲ್ಸಿಯಂ ಅಲ್ವಾ ಸರ್? ಯಾವ ಯಾವ ಕಾರ್ಖಾನೆಗೆ ಆಗುತ್ತದೆ?

ಉತ್ತರ: ಅಲ್ಲ. ಆಗಿರಬಹುದು, ಆದರೆ ನೀವು ಹೇಳಿದ ಎರಡು ಗುರುತಿನಿಂದ ಅದು ಗೊತ್ತಾಗುವುದಿಲ್ಲ. ಇದನ್ನು ಎಷ್ಟು ಸಲ ಬರೆದರೂ ಮತ್ತೆ ಅದೇ ಮಾತು ಬರುತ್ತದೆ, ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಿಮ್ಮೂರ ಹೊಲದ ಬದುವಿನಲ್ಲಿ ಬೆಣಚುಕಲ್ಲು ನೋಡಿರುತ್ತೀರಿ. ಬೆಳ್ಳಗೆ ಹೊಳೆಯುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ, ಪೂರ್ತಿ ಸಿಲಿಕಾ. ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಕೂಡ ಇರುವ ಡಾಲಮೈಟ್ ಖನಿಜವೂ ಬಿಳಿ. ಸಿಲಿಕಾ ಸೇರಿದ ಬೇರೆ ಖನಿಜಗಳೂ ಹಾಗೇ: ಟ್ರೆಮೊಲೈಟ್ ಬಿಳಿ, ವೊಲಾಸ್ಟೊನೈಟ್ ಬಿಳಿ, ಟಾಲ್ಕ್ ಬಿಳಿ. ಮಾರ್ಬಲ್ ಅಂದರೆ ಭೂಮಿಯೊಳಗಿನ ಬಿಸಿ, ಒತ್ತಡಕ್ಕೆ ಸಿಕ್ಕಿ ಮರುಹರಳಾದ ಸುಣ್ಣದಕಲ್ಲು ಅಥವಾ ಡಾಲಮೈಟ್ ಕಲ್ಲು. ಮೂಲ ಕಲ್ಲಿನಲ್ಲಿ ಮರಳು, ಜೇಡಿ, ಮೆಗ್ನೀಸಿಯಂ ಇದ್ದರೆ ಆ ಬಿಸಿಯಲ್ಲಿ ಅವೆಲ್ಲ ಸೇರಿ ಇಂಥ ಹೊಸ ಖನಿಜಗಳಾಗುತ್ತವೆ. ಒಂದೇ ಬಿಳಿ ಕಲ್ಲಿನೊಳಗೆ ಇವುಗಳಲ್ಲಿ ಮೂರ್ನಾಲ್ಕು ಒಟ್ಟಿಗೆ ಕೂತಿರಬಹುದು, ಬರಿಗಣ್ಣಿಗೆ ಒಂದೂ ಬೇರೆಯಾಗಿ ಕಾಣುವುದಿಲ್ಲ.

ರಾಜಸ್ಥಾನದ್ದೇ ಉದಾಹರಣೆ ತಗೊಳ್ಳಿ. ತಾಜ್ ಮಹಲಿಗೆ ಹೋದ ಮಕ್ರಾನಾ ಕಲ್ಲು ಕ್ಯಾಲ್ಸೈಟ್ ಮಾರ್ಬಲ್ (ಕ್ಯಾಲ್ಸೈಟ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಖನಿಜ, ನೀವು ಶುದ್ಧ ಕ್ಯಾಲ್ಸಿಯಂ ಅನ್ನುವುದು ಇದನ್ನೇ). ರಾಜಸಮಂದ್ ಜಿಲ್ಲೆಯ ರಾಜನಗರದ ಕಲ್ಲು ಹೆಚ್ಚಾಗಿ ಡಾಲಮೈಟ್ ಮಾರ್ಬಲ್. ಎರಡೂ ಬಿಳಿ, ಎರಡೂ ಮಾರ್ಬಲ್ ಅಂತಲೇ ಮಾರಾಟವಾಗುತ್ತವೆ. ಇನ್ನು ಋಷಭದೇವದ ಹಸಿರು ಮಾರ್ಬಲ್ ಇದೆಯಲ್ಲ, ಅದು ಸರ್ಪೆಂಟೈನ್ ಕಲ್ಲು, ಸುಣ್ಣದ ಜಾತಿಯೇ ಅಲ್ಲ.

ತಿರುಗಿಸಿ ನೋಡಿದರೂ ಅಷ್ಟೇ. ಬೂದು ಬಣ್ಣದ ಮಾರ್ಬಲ್ ಕಂಡ ಕೂಡಲೇ "ಕಲಬೆರಕೆ" ಅಂತ ಬದಿಗೆ ತಳ್ಳುತ್ತಾರೆ. ಆ ಬಣ್ಣ ಬಹಳ ಸಲ ಅಲ್ಪಸ್ವಲ್ಪ ಇಂಗಾಲದಿಂದ ಬಂದದ್ದು. ಗೂಡಿನಲ್ಲಿ ಇಂಗಾಲ ಸುಟ್ಟುಹೋಗಿ ಒಳ್ಳೆಯ ಬಿಳಿ ಸುಣ್ಣ ಹೊರಗೆ ಬರುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅಲ್ಲಿನ ಮಾಸಲು ಬಣ್ಣದ ಸುಣ್ಣದಕಲ್ಲಿನ ಮೇಲೆಯೇ.

ಈಗ ಆಸಿಡ್ ವಿಷಯ. ತಣ್ಣಗಿನ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಕ್ಯಾಲ್ಸೈಟ್ ಜೋರಾಗಿ ನೊರೆಯುತ್ತದೆ. ಡಾಲಮೈಟ್ ಗಟ್ಟಿಯಾಗಿದ್ದರೆ ಸುಮ್ನೆ ಕೂತಿರುತ್ತದೆ, ಪುಡಿ ಮಾಡಿದರೆ ಅದೂ ನೊರೆಯುತ್ತದೆ. ಕ್ಯಾಲ್ಸೈಟ್ ಶೇ. 70 ಇದ್ದರೂ ನೊರೆ ಬರುತ್ತದೆ, ಶೇ. 99 ಇದ್ದರೂ ಬರುತ್ತದೆ. ನೊರೆ ನೋಡಿ ಪಾಲು ಎಷ್ಟು ಅಂತ ಹೇಳುವುದು ಹೇಗೆ?

ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಹತ್ತು ಗ್ರಾಂ ಪುಡಿ ತೂಗಿ, ಅದೇ ಆಸಿಡ್ಡನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗಿ. ಗಾಳಿಯಾಡುವ ಜಾಗ ಇರಲಿ, ಕೈಗವಸು, ಕನ್ನಡಕ ಮರೆಯಬೇಡಿ. ಕೊನೆಗೆ ಸ್ವಲ್ಪ ಬೆಚ್ಚಗೆ ಮಾಡಿದರೆ ಡಾಲಮೈಟೂ ಕರಗುತ್ತದೆ. ನೊರೆ ಪೂರ್ತಿ ನಿಂತ ಮೇಲೆ ಫಿಲ್ಟರ್ ಕಾಗದದಲ್ಲಿ ಸೋಸಿ, ತೊಳೆದು, ಒಣಗಿಸಿ, ಉಳಿದದ್ದನ್ನು ತೂಗಿ; ಅದು ಆಸಿಡ್ಡಿಗೆ ಕರಗದ ಬೇರೆ ಖನಿಜಗಳ ಪಾಲು. ಆಮೇಲೆ ಹ್ಯಾಂಡ್ ಲೆನ್ಸ್ ಹಿಡಿದು ನೋಡಿ. ಗಾಜಿನ ಚೂರಿನಂಥ ಕಾಳು ಕಂಡರೆ ಬಹುಮಟ್ಟಿಗೆ ಬೆಣಚು. ಮಿನುಗುವ ಹಾಳೆಗಳಾದರೆ ಅಭ್ರಕ. ಸಣ್ಣ ಸಣ್ಣ ಸೂಜಿಯಂಥವು ಕಂಡರೆ ಅಲ್ಲೇ ನಿಲ್ಲಿಸಿ, ಟ್ರೆಮೊಲೈಟ್ ಇರಬಹುದು. ಅದರ ನಾರಿನಂಥ ರೂಪ ಶ್ವಾಸಕೋಶಕ್ಕೆ ಅಪಾಯವಾದ ಆಸ್ಬೆಸ್ಟಾಸ್ ಗುಂಪಿಗೇ ಸೇರಿದ್ದು. ಬೆಣಚಿನ ನುಣ್ಣನೆ ದೂಳೂ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತರುತ್ತದೆ. ಪುಡಿ ಮಿಲ್ಲಿನಲ್ಲಿ ದಿನವಿಡೀ ಉಸಿರಾಡುವವರು ನಿಮ್ಮ ಕೆಲಸಗಾರರು. ಮಿಕ್ಕ ಲೆಕ್ಕ ಏನೇ ಇರಲಿ, ಟ್ರೆಮೊಲೈಟ್, ಬೆಣಚು ಇದೆಯೇ ಅನ್ನುವುದನ್ನು ಲ್ಯಾಬಿನಲ್ಲಿ ಖಚಿತ ಮಾಡಿಕೊಳ್ಳದೆ ಮಿಲ್ ಶುರು ಮಾಡಬೇಡಿ.

ಲ್ಯಾಬ್ ರಿಪೋರ್ಟ್ ಓದುವುದರಲ್ಲೂ ಎಡವುತ್ತಾರೆ. ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣ ಹಾಯಿಸಿ ಧಾತುಗಳನ್ನು ಅಳೆಯುವ ಪರೀಕ್ಷೆ) ಕೊಡುವುದು ಆಕ್ಸೈಡುಗಳ ಪಟ್ಟಿ, ಖನಿಜಗಳದ್ದಲ್ಲ. ಮೆಗ್ನೀಸಿಯಂ ಆಕ್ಸೈಡ್ ಶೇ. 4 ಅಂತಿದೆ ಅಂದುಕೊಳ್ಳಿ. ಶುದ್ಧ ಡಾಲಮೈಟಿನಲ್ಲಿ ಅದು ಸುಮಾರು ಶೇ. 21.9 ಇರುತ್ತದೆ, ಹಾಗಾಗಿ ಸುಮಾರು 4.6ರಿಂದ ಗುಣಿಸಿದರೆ ನಿಮ್ಮ ಕಲ್ಲಿನಲ್ಲಿ ಡಾಲಮೈಟ್ ಶೇ. 18ರ ಆಸುಪಾಸು. ಆದರೆ ಮೆಗ್ನೀಸಿಯಂ ಎಲ್ಲವೂ ಡಾಲಮೈಟಿನಲ್ಲೇ ಇದ್ದರೆ ಮಾತ್ರ ಈ ಲೆಕ್ಕ ಸರಿ. ಟ್ರೆಮೊಲೈಟ್, ಟಾಲ್ಕಿನಲ್ಲೂ ಅದು ಇರುತ್ತದಲ್ಲ. ಅದಕ್ಕೇ ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಖನಿಜಗಳನ್ನೇ ಗುರುತಿಸುವ ಪರೀಕ್ಷೆ) ಬೇಕು, ಜೊತೆಗೆ ಕಲ್ಲಿನ ತೆಳು ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವರದಿ ಬೇಕು. ಅಲಿಜರಿನ್ ರೆಡ್ ಎಸ್ ಬಣ್ಣ ಹಚ್ಚಿದರೆ ಕ್ಯಾಲ್ಸೈಟ್ ಕೆಂಪಾಗುತ್ತದೆ, ಡಾಲಮೈಟ್ ಹಾಗೇ ಉಳಿಯುತ್ತದೆ. ಇದು ಅಗ್ಗದ್ದು, ಕಣ್ಣಿಗೆ ಕಾಣುವಂಥದ್ದು, ನನಗೆ ತುಂಬಾ ಇಷ್ಟದ ಪರೀಕ್ಷೆ.

ಸ್ಯಾಂಪಲ್ ಮಾತ್ರ ಗಣಿ ಮಾಲೀಕ ಆರಿಸಿ ಕೊಟ್ಟ ಒಂದು ಚಂದದ ತುಂಡಾಗಿರಬಾರದು. ಕ್ಯಾಲ್ಸೈಟ್, ಡಾಲಮೈಟ್ ಪಟ್ಟೆಪಟ್ಟೆಯಾಗಿ ಬರುತ್ತವೆ. ಪಟ್ಟೆಗಳಿಗೆ ಅಡ್ಡಲಾಗಿ, ಇಡೀ ಅಗಲಕ್ಕೂ ತೆಗೆಯಬೇಕು.

ಇನ್ನು ಯಾರಿಗೆ ಆಗುತ್ತದೆ? ಮೇಲಿನ ಶೇ. 4 ಮೆಗ್ನೀಸಿಯಂ ಆಕ್ಸೈಡಿನ ಕಲ್ಲನ್ನೇ ಸಿಮೆಂಟಿಗೆ ಹಾಕಿ ನೋಡೋಣ. ಒಂದು ಟನ್ ಕ್ಲಿಂಕರಿಗೆ (ಗೂಡಿನಲ್ಲಿ ಸುಟ್ಟು ಬಂದ, ಪುಡಿ ಮಾಡಿ ಸಿಮೆಂಟ್ ಮಾಡುವ ಗಟ್ಟಿ ಉಂಡೆಗಳು) ಸುಮಾರು ಒಂದೂವರೆ ಟನ್ ಕಚ್ಚಾ ಮಿಶ್ರಣ ಬೇಕು, ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಇಡೀ ಮಿಶ್ರಣದಲ್ಲೇ 4 ಇದ್ದರೆ ಅದು ಕ್ಲಿಂಕರಿನಲ್ಲಿ 6ರ ಹತ್ತಿರ ಬಂದು ನಿಲ್ಲುತ್ತದೆ. ನಮ್ಮ ದೇಶದ ಸಿಮೆಂಟ್ ಮಾನದಂಡ ಐಎಸ್ 269ರ ಮಿತಿಯೇ ಶೇ. 6. ದಾಟಿದರೆ ಮೆಗ್ನೀಸಿಯಂ ಆಕ್ಸೈಡ್ ನಿಧಾನವಾಗಿ ನೀರು ಹೀರಿ ಉಬ್ಬಿ, ಕಟ್ಟಿದ ಮೇಲೆ ಬಿರುಕು ತರುವ ಅಪಾಯ. ಅದೇ ಮೆಗ್ನೀಸಿಯಂ ಉಕ್ಕಿನ ಕುಲುಮೆಗೆ, ಗಾಜಿಗೆ ಬೇಕಾದ ಸರಕು. ಆದರೆ ಗಾಜಿನವರು ಕಬ್ಬಿಣದ ಅಂಶ ಕಂಡರೆ ಮುಟ್ಟುವುದಿಲ್ಲ, ಗಾಜು ಹಸಿರಾಗುತ್ತದೆ. ಪೇಂಟ್, ಪೇಪರಿನವರಿಗೆ ಮಾತ್ರ ಬಿಳುಪು ನಿಜಕ್ಕೂ ಮುಖ್ಯ. ಅದನ್ನೂ ಅವರು ಪುಡಿ ಮಾಡಿ ಮೀಟರಿನಲ್ಲಿ ಅಳೆಯುತ್ತಾರೆ, ಕಲ್ಲು ನೋಡಿ ಅಲ್ಲ.

ಇಷ್ಟು ಹೇಳಿದ ಮೇಲೆ, ಯಾರೂ ನೇರವಾಗಿ ಕೇಳದ ಒಂದು ವಿಷಯ. ಈ ಪುಡಿ ಅಡಿಕೆ ತೋಟಕ್ಕೆ, ಕಾಫಿ ತೋಟಕ್ಕೆ ಆಗುತ್ತದಾ? ಆಗುತ್ತದೆ. ಮಲೆನಾಡಿನ ಜೋರು ಮಳೆಗೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಚ್ಚಿಹೋಗಿ ಮಣ್ಣು ಹುಳಿಯಾಗುತ್ತದೆ. ಇಲ್ಲಿ ಡಾಲಮೈಟ್ ಕಡಿಮೆ ದರ್ಜೆಯ ಸರಕಲ್ಲ. ಹುಳಿ ತಗ್ಗಿಸುವ ಶಕ್ತಿಯಲ್ಲಿ ಶುದ್ಧ ಕ್ಯಾಲ್ಸೈಟನ್ನು 100 ಅಂತ ಹಿಡಿದರೆ ಶುದ್ಧ ಡಾಲಮೈಟ್ ಸುಮಾರು 109, ಜೊತೆಗೆ ಮೆಗ್ನೀಸಿಯಂ ಸಿಗುತ್ತದೆ. ಕೆಲಸ ಮಾತ್ರ ನಿಧಾನ, ಹಾಗಾಗಿ ಪುಡಿ ನುಣ್ಣಗಿರಬೇಕು. ಎಷ್ಟು ಹಾಕಬೇಕು ಅನ್ನುವುದಕ್ಕೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಮಾರ್ಬಲ್ ಕತ್ತರಿಸುವ, ಪಾಲಿಶ್ ಮಾಡುವ ಘಟಕದ ಕೆಸರನ್ನು ಅಗ್ಗಕ್ಕೆ ಸಿಗುತ್ತದೆ ಅಂತ ತಂದು ಸುರಿಯಬೇಡಿ. ಅದರಲ್ಲಿ ರೆಸಿನ್, ಪಾಲಿಶ್ ಪುಡಿ ಸೇರಿರಬಹುದು.