ಒಂದೇ ಬಿರುಗಾಳಿ, ಊರಿಗೊಂದು ಥರ

ಮಾರ್ಚ್‌ನಿಂದ ಮೇವರೆಗೆ ಶುಕ್ರವಾರ ಬಂತೆಂದರೆ, ಅಮೆರಿಕದಲ್ಲಿ ಇರುವವರು ನಮ್ಮಂಥ ಹವಾಮಾನದವರನ್ನು ಕೇಳುವುದು ಒಂದೇ: 'ಈ ವೀಕೆಂಡ್ ಹೇಗಿರುತ್ತೆ?' ಯಾವ ಊರು ಅಂತ ತಿಳಿಯದೆ ಉತ್ತರ ಹೇಳುವ ಹಾಗಿಲ್ಲ. ಡೆನ್ವರ್‌ಗೆ ಹಿಮ, ಮೆಂಫಿಸ್‌ಗೆ ಸುಂಟರಗಾಳಿ, ಅಮರಿಲ್ಲೊಗೆ ಬರೀ ದೂಳು. ಮೂರಕ್ಕೂ ಕಾರಣ ಎಷ್ಟೋ ಸಲ ಒಂದೇ ವಾಯುಭಾರ ಕುಸಿತ.

ರಾಕಿ ಪರ್ವತ ದಾಟಿ ಬರುವ ಗಾಳಿ ಕೊಲರಾಡೊದ ಆಸುಪಾಸಿನಲ್ಲಿ ಇಂಥ ಕುಸಿತ ಹುಟ್ಟಿಸುತ್ತದೆ. ಅದರ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಹಾಗಾಗಿ ಪೂರ್ವದ ಮಗ್ಗುಲಲ್ಲಿ ಮೆಕ್ಸಿಕೊ ಕೊಲ್ಲಿಯ ಬೆಚ್ಚನೆಯ ತೇವ ಮೇಲೇರುತ್ತದೆ, ವಾಯವ್ಯದಲ್ಲಿ ಕೆನಡಾದ ಚಳಿ ಇಳಿಯುತ್ತದೆ, ನೈಋತ್ಯದಿಂದ ಮರುಭೂಮಿಯ ಒಣಗಾಳಿ ನುಗ್ಗುತ್ತದೆ. 2025ರ ಮಾರ್ಚ್ 14ರಂದು ಆಗಿದ್ದೂ ಇದೇ. ಕಾನ್ಸಸ್‌ನ ಹೆದ್ದಾರಿಯಲ್ಲಿ ದೂಳಿಗೆ ಕಣ್ಣು ಕಾಣದೆ ವಾಹನಗಳು ಸರಣಿಯಾಗಿ ಡಿಕ್ಕಿ ಹೊಡೆದು 8 ಜನ ಸತ್ತರು. ಓಕ್ಲಹೋಮಾದಲ್ಲಿ ಕಾಳ್ಗಿಚ್ಚು. ಅದೇ ರಾತ್ರಿ ಮಿಸೌರಿಯಲ್ಲಿ ಸುಂಟರಗಾಳಿ, ಮರುದಿನ ಮಿಸಿಸಿಪ್ಪಿ, ಅಲಬಾಮಾ ಸರದಿ.

ನಮಗೆ ತಲೆನೋವು ತರುವುದು ಟೆಕ್ಸಾಸ್–ಓಕ್ಲಹೋಮಾ ಕಡೆಯ ಶನಿವಾರ. ನೆಲದ ಹತ್ತಿರ ತೇವ ತುಂಬಿಕೊಂಡಿರುತ್ತದೆ. ಅದರ ಮೇಲೆ ಒಂದೆರಡು ಕಿಲೋಮೀಟರ್ ಎತ್ತರದಲ್ಲಿ, ಮೆಕ್ಸಿಕೊದ ಪ್ರಸ್ಥಭೂಮಿಯಿಂದ ಬಂದ ಬಿಸಿ ಒಣಗಾಳಿಯ ಪದರ ಪಾತ್ರೆಯ ಮುಚ್ಚಳದಂತೆ ಕೂತಿರುತ್ತದೆ. ಮಧ್ಯಾಹ್ನದವರೆಗೆ ಮೋಡವೇ ಏಳುವುದಿಲ್ಲ. ಸಂಜೆ ನಾಲ್ಕೈದರ ಹೊತ್ತಿಗೆ ಆ ಪದರ ಒಡೆದರೆ ಅರ್ಧ ಗಂಟೆಯಲ್ಲಿ ಆಕಾಶ ಕಪ್ಪಾಗಿ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬೀಳಬಹುದು. ಒಡೆಯದಿದ್ದರೆ? ಎಲ್ಲರಿಗೂ ಒಳ್ಳೇ ಬಿಸಿಲು, ನಮಗೆ ಬೈಗುಳ. ಎರಡಕ್ಕೂ ನಡುವೆ ಒಂದು ಡಿಗ್ರಿಯಷ್ಟೇ ವ್ಯತ್ಯಾಸ ಇರಬಹುದು. ಅದಕ್ಕೇ ಬೆಳಗ್ಗೆ ಬಿಸಿಲಿದೆ ಅಂತ ಸುಮ್ನೆ ನಿರಾಳವಾಗಬೇಡಿ. ನನಗಂತೂ ಅಂಥ ಬಿಸಿಲು ಕಂಡರೇ ಅನುಮಾನ ಜಾಸ್ತಿ.

ಇಂಥ ದಿನ ಓಕ್ಲಹೋಮಾದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್‌ನವರ (ಬಿರುಗಾಳಿ ಮುನ್ಸೂಚನೆ ಕೊಡುವ ಸರ್ಕಾರಿ ಕೇಂದ್ರ) ನಕ್ಷೆಯಲ್ಲಿ ಸುಂಟರಗಾಳಿಗೆ ಶೇ 10 ಅಂತ ಇರಬಹುದು. 'ಇಷ್ಟೇನಾ' ಅನ್ನಿಸುತ್ತೆ, ಅಲ್ವಾ? ಅದು ನೀವು ನಿಂತ ಜಾಗದಿಂದ ಸುಮಾರು 40 ಕಿಲೋಮೀಟರ್ ಒಳಗೆ ಸುಂಟರಗಾಳಿ ಏಳುವ ಸಾಧ್ಯತೆಯ ಲೆಕ್ಕ. ಮಾಮೂಲಿ ದಿನಗಳಲ್ಲಿ ಅದು ಶೇ 2 ಕೂಡ ಇರುವುದಿಲ್ಲ. ನನ್ನ ಪ್ರಕಾರ ಶೇ 10 ಅಂದರೆ ಸಂಜೆಯ ಪ್ರಯಾಣ ಮುಂದೂಡುವಷ್ಟು ದೊಡ್ಡ ಸಂಖ್ಯೆ.

ಶನಿವಾರ ರಾತ್ರಿ ಮಳೆಯ ಸಾಲು ಪೂರ್ವಕ್ಕೆ ಸರಿಯುತ್ತದೆ. ಮಿಸಿಸಿಪ್ಪಿ, ಟೆನೆಸಿ, ಅಲಬಾಮಾದಲ್ಲಿ ಕತ್ತಲು, ಮರಗಳು, ಗುಡ್ಡಗಳು. ಸುಂಟರಗಾಳಿ ಬರುವುದು ಕಣ್ಣಿಗೆ ಕಾಣುವುದಿಲ್ಲ. 'ವಾಚ್', ಅಂದರೆ ಸುಂಟರಗಾಳಿ ಏಳಬಹುದು ಎಂಬ ಮುನ್ಸೂಚನೆ, ಬಂದರೆ ಇನ್ನೂ ಕೆಲವು ಗಂಟೆ ಇರಬಹುದು: ಶೂ, ಟಾರ್ಚ್ ಹತ್ತಿರ ಇಟ್ಟುಕೊಳ್ಳಿ. 'ವಾರ್ನಿಂಗ್', ಅಂದರೆ ಸುಂಟರಗಾಳಿ ಕಣ್ಣಿಗೋ ರೇಡಾರ್‌ಗೋ ಕಂಡಿದೆ ಎಂಬ ಎಚ್ಚರಿಕೆ, ಬಂದರೆ ನಿಮಿಷಗಳ ಮಾತು. ಕೆಳಮಹಡಿಗೆ, ಕಿಟಕಿ ಇಲ್ಲದ ಒಳಕೋಣೆಗೆ ಹೋಗಿ. ಮೊಬೈಲ್ ಹೋಮ್‌ನಲ್ಲಿ (ಕಾರ್ಖಾನೆಯಲ್ಲಿ ಮಾಡಿ ತಂದಿಡುವ ಹಗುರ ಮನೆ) ಇರುವವರು ಮಾತ್ರ ವಾಚ್ ಬಂದಾಗಲೇ ಗಟ್ಟಿ ಕಟ್ಟಡಕ್ಕೆ ಹೊರಡಬೇಕು. ಆ ರಾತ್ರಿ ಫೋನ್ ಸೈಲೆಂಟ್‌ನಲ್ಲಿ ಇಟ್ಟು ಮಲಗಬೇಡಿ.