ಮೊಟ್ಟೆ ಟ್ರೇಗೂ ಸ್ಟುಡಿಯೊಗೂ ಏನು ಸಂಬಂಧ?

ವಿಜಯಪುರದ ಗಾಂಧಿ ಚೌಕದ ಹತ್ತಿರ ನಮ್ಮ ಅಕ್ಕನ ಮಗ ಇಂಟರ್‌ನೆಟ್ ರೇಡಿಯೊಗೆ ಅಂತ ಒಂದು ಸ್ಟುಡಿಯೊ ಮಾಡಿಕೊಂಡಿದ್ದಾನೆ. ಗೋಡೆ ತುಂಬ ಮೊಟ್ಟೆ ಟ್ರೇ. ಆದರೂ ಮೈಕಿನಲ್ಲಿ ಟಂಟಂ ಹಾರ್ನು, ಪಕ್ಕದ ಮನೆಯ ರೊಟ್ಟಿ ಬಡಿಯುವ ಸದ್ದು ಎಲ್ಲಾ ಸ್ಪಷ್ಟವಾಗಿ ಕೇಳುತ್ತೆ. ಟ್ರೇ ಇನ್ನೊಂದು ಸಾಲು ಹಚ್ಚಲಾ ಮಾಮಾ ಅಂತ ಕೇಳಿದ. ನನಗೆ ತಲೆ ಕೆಟ್ಟಿತು.

ಗೋಡೆ ಸದ್ದನ್ನು ಏನು ಮಾಡುತ್ತೆ ಅಂತ ಗೋಳಗುಮ್ಮಟ ಇರೋ ಊರಲ್ಲಿ ಹೇಳಬೇಕಾ? 1656ರಲ್ಲಿ ಮುಗಿದ ಕಟ್ಟಡ, ಗುಮ್ಮಟದ ಒಳಗೆ ಸುಮಾರು 38 ಮೀಟರ್ ಅಗಲ. ಈ ಬದಿ ಪಿಸುಗುಟ್ಟಿದರೆ ಆ ಬದಿ ಕೇಳುತ್ತೆ. ಗಾರೆಯಲ್ಲಿ ಏನೋ ಗುಟ್ಟಿದೆ ಅನ್ನುವವರಿದ್ದಾರೆ, ಸುಮ್ನೆ ಮಾತು. ಗಟ್ಟಿ, ನುಣುಪಾದ, ಬಾಗಿದ ಗೋಡೆ ಸದ್ದನ್ನು ನುಂಗದೆ ತನ್ನ ಮೈಗುಂಟ ಸಾಗಿಸುತ್ತೆ, ಅಷ್ಟೇ.

ನುಂಗಿಸುವುದು ಹೇಗೆ ಅಂತ ಲೆಕ್ಕ ಹಾಕಿದವನು ಅಮೆರಿಕದ ಭೌತವಿಜ್ಞಾನಿ ವಾಲೇಸ್ ಸೇಬಿನ್. 1895ರ ಸುಮಾರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೋಣೆಯಲ್ಲಿ ಮಾತು ನಿಂತ ಮೇಲೂ ಅದರ ಗುಂಗು ಐದೂವರೆ ಸೆಕೆಂಡ್ ಉಳಿಯುತ್ತಿತ್ತು. ಪಕ್ಕದ ರಂಗಮಂದಿರದ ಕುರ್ಚಿ ದಿಂಬು ಹೊತ್ತು ತಂದು ಹಾಸಿದ, ಗುಂಗು ಇಳಿಯಿತು. ಆದರೆ ಇದನ್ನೆಲ್ಲಾ ಮಾಡಿದ್ದು ನಡುರಾತ್ರಿ! ಯಾಕೆಂದರೆ ದಿಂಬು ಒಳಗಿನ ಗುಂಗು ನುಂಗುತ್ತೆ, ಬೀದಿಯ ಗದ್ದಲವನ್ನಲ್ಲ. ಟ್ರೇ ಅಂತೂ ದಿಂಬಿನಷ್ಟೂ ನುಂಗುವುದಿಲ್ಲ.

ಹೊರಗಿನ ಸದ್ದಿಗೆ ಬೇಕಾದದ್ದು ತೂಕ. ಅದಕ್ಕಿಂತ ಜಾಸ್ತಿ ಬೇಕಾದದ್ದು ಬಿಡಿಸಿ ಇಡುವುದು. ಪ್ರಸಾರ ಕೇಂದ್ರದ ಒಳ್ಳೆ ಸ್ಟುಡಿಯೊ ಅಂದರೆ ಕೋಣೆಯೊಳಗೊಂದು ಕೋಣೆ. ಒಳಗಿನ ನೆಲ ರಬ್ಬರ್ ಅಥವಾ ಸ್ಪ್ರಿಂಗ್ ಮೇಲೆ ಕೂತಿರುತ್ತೆ, ಒಳಗಿನ ಗೋಡೆ ಹೊರಗಿನ ಗೋಡೆಯನ್ನು ಎಲ್ಲೂ ಮುಟ್ಟುವುದಿಲ್ಲ. ಬಸ್ಸು ಕುಲುಕಿದಾಗ ಸೀಟಿನ ಮೇಲಿಟ್ಟ ಮಡಕೆ ಒಡೆಯುತ್ತೆ, ಅವ್ವನ ಉಡಿಯಲ್ಲಿದ್ದದ್ದು ಉಳಿಯುತ್ತೆ ಅಲ್ವಾ? ಹಾಗೆ. ಕೋಣೆಯನ್ನು ಉಡಿಯಲ್ಲಿ ಕೂರಿಸುವುದು. ನಡುವೆ ಒಂದೇ ಒಂದು ಮೊಳೆ ಎರಡೂ ಗೋಡೆ ಹಿಡಿದುಕೊಂಡರೂ ಸದ್ದಿಗೆ ಅದೇ ಸೇತುವೆ, ಮಕ್ಕಳ ಬೆಂಕಿಪೊಟ್ಟಣದ ಫೋನಿನ ದಾರ ಇದ್ದಂಗೆ.

ಉಳಿದದ್ದೂ ಇದೇ ಲೆಕ್ಕ. ಎರಡೆರಡು ಬಾಗಿಲು, ಕಂಟ್ರೋಲ್ ರೂಮಿನ ಕಡೆ ಎರಡು ಗಾಜು, ಅದರಲ್ಲಿ ಒಂದು ಓರೆ. ಎಸಿಗೆ ಅಗಲದ ಕೊಳವೆ, ಗಾಳಿ ಮೆಲ್ಲಗೆ ಬಂದರೆ ಸುಯ್ ಅನ್ನುವುದಿಲ್ಲ. ಸಂದಿ ಮಾತ್ರ ಬಿಡಬಾರದು. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ, ಉಳಿದದ್ದು ಕೋಟೆಯಷ್ಟು ದಪ್ಪ ಇರಲಿ, ತಡೆಯುವುದು 20 ಡೆಸಿಬಲ್ (ಸದ್ದಿನ ಅಳತೆ) ಮಾತ್ರ.

ಅಳಿಯ ಈಗ ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಚ್ಚಿದ್ದಾನೆ. ರೆಕಾರ್ಡಿಂಗ್ ಸೇಬಿನ್ ಥರ ರಾತ್ರಿ ಹನ್ನೆರಡರ ಮೇಲೆ. ಟ್ರೇ ಕಿತ್ತಿಲ್ಲ, ವಿಡಿಯೊದಲ್ಲಿ ಚೆಂದ ಕಾಣುತ್ತೆ ಅಂತೆ.